‘ಡೈವೋರ್ಸ್ ಲಾಯರ್ ತಾನೇ’ ಅಂದ ಮಹಾನುಭಾವನಿಗೆ

ನಮಸ್ಕಾರ ಎಲ್ರಿಗೂ. ಇವತ್ತು ಬೇರೆ ಟಾಪಿಕ್ ಇತ್ತು, ಬರ್ದೂ ಇಟ್ಟಿದ್ದೆ, ಆದ್ರೆ ಹೋದ ಎಪಿಸೋಡ್ ಕೆಳಗೆ ಒಂದು ಕಮೆಂಟ್ ಓದಿ ಕಾಫಿ ಆರೋಗಿದ್ದೂ ಗೊತ್ತಾಗ್ಲಿಲ್ಲ. ‘ಗುರು, ಫ್ಯಾಮಿಲಿ ಲಾಯರ್ ಅಂದ್ರೆ ಗಂಡ ಹೆಂಡ್ತಿ ಜಗಳ ಬಿಡ್ಸೋರು, ಅವ್ರೇನ್ ದೊಡ್ಡ ಜಡ್ಜ್ ಆಗ್ತಾರೆ.’ ಪಕ್ಕದಲ್ಲಿ ನಗೋ ಇಮೋಜಿ, ಮೂರು.

ಸರಿ ಸ್ವಾಮಿ, ಎಲಿಜಬೆತ್ ಬಟ್ಲರ್-ಸ್ಲಾಸ್ ಅಂತ ಹೆಸ್ರು ಕೇಳಿದೀರಾ? ಇಂಗ್ಲೆಂಡ್‌ನೋರು. ಯೂನಿವರ್ಸಿಟಿ ಡಿಗ್ರಿನೇ ಇಲ್ಲ, 1955ರಲ್ಲಿ ಬ್ಯಾರಿಸ್ಟರ್ ಆದ್ರು, 1970ರಲ್ಲಿ ಡೈವೋರ್ಸ್ ರಿಜಿಸ್ಟ್ರಿಯಲ್ಲಿ ರಿಜಿಸ್ಟ್ರಾರ್, ಅಂದ್ರೆ ಕೆಳಹಂತದ ಜಡ್ಜ್ ಥರದ ಹುದ್ದೆ, ಹೌದು, ನೀವು ನಗಾಡಿದ ಅದೇ ಡೈವೋರ್ಸ್, ಅಲ್ಲಿಂದ 1979ಕ್ಕೆ ಹೈಕೋರ್ಟ್ ಫ್ಯಾಮಿಲಿ ಡಿವಿಷನ್ ಜಡ್ಜ್, 1988ಕ್ಕೆ ಅದಕ್ಕೂ ಮೇಲಿನ ಕೋರ್ಟ್ ಆಫ್ ಅಪೀಲ್. ಅಲ್ಲಿಗೆ ಹೋದ ಮೊದಲ ಹೆಂಗಸು. ಮಜಾ ಕೇಳಿ, ಕಾನೂನಲ್ಲಿ ಆ ಹುದ್ದೆ ಹೆಸ್ರೇ ‘ಲಾರ್ಡ್ ಜಸ್ಟಿಸ್’, ಹಂಗಾಗಿ ಈಯಮ್ಮನೂ ಲಾರ್ಡು! ಆ ಕಾಯ್ದೇಲಿ ‘ಲೇಡಿ’ ಅಂತ ಸೇರ್ಸೋಕೆ 2003 ಬರ್ಬೇಕಾಯ್ತು. 1999ರಿಂದ 2005ರವರೆಗೆ ಇಡೀ ಫ್ಯಾಮಿಲಿ ಡಿವಿಷನ್‌ಗೆ ಪ್ರೆಸಿಡೆಂಟ್ ಬೇರೆ.

ನಾನು ಹೇಳೋದಿಷ್ಟೇ, ಮನೆ ಕೇಸೇ ಕಷ್ಟದ ಕೇಸು. ಕಂಪ್ನಿ ಕೇಸಲ್ಲಿ ಸೋತೋರು ಚೆಕ್ ಬರ್ದು ಮನೆಗೆ ಹೋಗ್ತಾರೆ, ಇಲ್ಲಿ ಸೋತೋರಿಗೆ ಹೋಗೋಕೆ ಮನೆನೇ ಇರಲ್ಲ. ನಮ್ಮ ಕುಟುಂಬದಲ್ಲಿ ಒಂದು ಹಿತ್ತಾಳೆ ಹಂಡೆ ಯಾರಿಗೆ ಅಂತ ನಮ್ಮಿಬ್ರು ಅತ್ತೆಯರು ಹನ್ನೊಂದು ವರ್ಷ ಮಾತು ಬಿಟ್ಟಿದ್ರು. ಹಂಡೆಗೇ ಇಷ್ಟು ಅಂದ್ರೆ ಮಕ್ಕಳ ವಿಷ್ಯ ಬಂದ್ರೆ?

1987, ಇಂಗ್ಲೆಂಡ್‌ನ ಕ್ಲೀವ್‌ಲ್ಯಾಂಡ್. ಲೈಂಗಿಕ ದೌರ್ಜನ್ಯ ಆಗಿದೆ ಅಂತ ಡಾಕ್ಟರ್‌ಗಳು ಹೇಳಿದ್ದು 121 ಮಕ್ಕಳ ವಿಷ್ಯದಲ್ಲಿ, ಎಷ್ಟೋ ಮಕ್ಕಳನ್ನ ಅಪ್ಪ ಅಮ್ಮನಿಂದ ದೂರ ಇಟ್ರು, ಊರಿಗೆ ಊರೇ ಹೊತ್ಕೊಂಡು ಉರೀತು. ವಿಚಾರಣೆ ನಡ್ಸಿದ್ದು ಯಾರು? ಈಯಮ್ಮ. 1988ರ ವರದಿಯಲ್ಲಿ ಬರೆದ ಮಾತು: ಮಗು ಒಬ್ಬ ವ್ಯಕ್ತಿ, ಕಾಳಜಿಯ ವಸ್ತು ಅಲ್ಲ. ಮರುವರ್ಷವೇ ಅಲ್ಲಿ ಮಕ್ಕಳ ಕಾಯ್ದೆ ಬಂತು. ಜಗಳ ಬಿಡ್ಸೋರಂತೆ!

ಇನ್ನೂ ಬೇಕಾ? 2002. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಇಲ್ಲದ ಒಬ್ಬ ಹೆಂಗಸು, ಹೆಸ್ರು ಹೊರಗೆ ಬಿಡ್ದೆ ‘ಮಿಸ್ ಬಿ’ ಅಂತಾರೆ, ವೆಂಟಿಲೇಟರ್ ತೆಗೀರಿ ಅಂತ ಕೇಳ್ತಾರೆ, ಡಾಕ್ಟರ್‌ಗಳು ಒಪ್ಪಲ್ಲ. ಜಡ್ಜಮ್ಮ ಆಸ್ಪತ್ರೆಗೇ ಹೋಗಿ ಆಕೆ ಮಾತು ಕೇಳಿದ್ರು. ಬುದ್ಧಿ ಸ್ವಾಧೀನ ಇದೆ, ಬೇಡ ಅನ್ನೋ ಹಕ್ಕೂ ಇದೆ ಅಂತ ತೀರ್ಪು ಕೊಟ್ರು. ಸಾಯೋಕೆ ಹೊರಟೋರ ಮುಖ ನೋಡಿ ಮಾತಾಡ್ಸಿ ಆಮೇಲೆ ಕೂತು ಬರೀಬೇಕು. ನೀವು ಮೂರು ಇಮೋಜಿ ಒತ್ತಿದ್ರಿ.

ಗೊತ್ತು, ಈಗ ಬರ್ತೀರ. ‘ಅವರಪ್ಪನೇ ಜಡ್ಜು, ಅಣ್ಣ ಲಾರ್ಡ್ ಚಾನ್ಸಲರ್.’ ಹೌದು ರೀ, ಅಪ್ಪ ಸೆಸಿಲ್ ಹೇವರ್ಸ್, ಬ್ರಿಟನ್‌ನಲ್ಲಿ ಕೊನೆಯದಾಗಿ ನೇಣಿಗೇರಿದ ಹೆಂಗಸು ರೂತ್ ಎಲಿಸ್‌ಗೆ ಶಿಕ್ಷೆ ಕೊಟ್ಟೋರು. ಏನೀಗ? ನಮ್ಮಪ್ಪ ಸಕತ್ ಕ್ರಿಕೆಟ್ ಆಡ್ತಿದ್ರು, ನಂಗೆ ಬ್ಯಾಟ್ ಹಿಡಿಯೋಕೂ ಬರಲ್ಲ. ‘2014ರಲ್ಲಿ ಮಕ್ಕಳ ದೌರ್ಜನ್ಯದ ತನಿಖೆಗೆ ಕೂರ್ಸಿದ್ರು, ತನಿಖೆ ಮಾಡ್ಬೇಕಿದ್ದ ಕಾಲದಲ್ಲೇ ಅಣ್ಣ ಅಟಾರ್ನಿ ಜನರಲ್, ಅಂದ್ರೆ ಸರ್ಕಾರದ ದೊಡ್ಡ ವಕೀಲರು, ಆಗಿದ್ರು ಅಂತ ಗಲಾಟೆ ಆಗಿ ಆರೇ ದಿನಕ್ಕೆ ಎದ್ದು ಹೋದ್ರಲ್ಲ?’ ಅಯ್ಯೋ, ಅದು... ಅದು ಬೇರೆ ಎಪಿಸೋಡು ಬಿಡಿ. ಎದ್ದು ಹೋದ್ರು ತಾನೇ? ನಮ್ಮಲ್ಲಿ ಯಾರು ಏಳ್ತಾರೆ ಹೇಳಿ!

ಮನೆ ಕೇಸೇ ಕಷ್ಟದ ಕೇಸು! ಬರ್ಕೊಳ್ಳಿ. ಸಬ್‌ಸ್ಕ್ರೈಬೂ ಮಾಡ್ಕೊಳ್ಳಿ, ಮೆಂಬರ್ ಆದೋರಿಗೆ ಹಂಡೆ ಕಥೆ ಫುಲ್ ವರ್ಷನ್ ಇದೆ, ಅತ್ತೆ ನೋಡ್ತಿದ್ರೆ ಸಾರಿ ಅತ್ತೆ. ಕಾರಣ ಕೇಳ್ಬೇಡಿ, ಕಷ್ಟ ಅಂದ್ರೆ ಕಷ್ಟ ಅಷ್ಟೇ. ಆ ಇಮೋಜಿ ಅಣ್ಣ, ನಿಮ್ ಕಮೆಂಟ್ ಪಿನ್ ಮಾಡಿದೀನಿ, ಡಿಲೀಟ್ ಮಾಡ್ಬೇಡಿ, ವ್ಯೂಸ್ ಬರ್ತಿದೆ.