ಏಳು ಕೆರೆ ನೀರು ಕುಡಿದ ಮಿಡ್‌ಫೀಲ್ಡರ್

ಎಲ್ಲರಿಗೂ ನಮಸ್ಕಾರ.

2011ರ ಮಾರ್ಚ್ 13. ಆಸ್ಟ್ರೇಲಿಯಾದ ಬ್ರಿಸ್ಬೇನ್. ಅಲ್ಲಿನ ಫುಟ್‌ಬಾಲ್ ಲೀಗ್ ಆದ ಎ-ಲೀಗ್‌ನ ಫೈನಲ್ ನಡೀತಿದೆ, ಸ್ಟೇಡಿಯಂನಲ್ಲಿ ಐವತ್ತು ಸಾವಿರ ಜನ. ಎಕ್ಸ್‌ಟ್ರಾ ಟೈಮ್ ಮುಗಿಯುತ್ತಾ ಬಂದಿದೆ, ಊರಿನ ತಂಡ ಬ್ರಿಸ್ಬೇನ್ ರೋರ್ ಎರಡು ಗೋಲು ಹಿಂದಿದೆ. ಎಷ್ಟೋ ಜನ ಎದ್ದು ಹೊರಟೇಬಿಟ್ಟರು. ನಾವೂ ಹಾಗೇ ಅಲ್ವಾ, ಜಾಮ್ ಆಗುವ ಮೊದಲು ಗಾಡಿ ತೆಗೀಬೇಕು ಅಂತ. 117ನೇ ನಿಮಿಷದಲ್ಲಿ ಒಂದು ಗೋಲು ಬಂತು. 120ನೇ ನಿಮಿಷ, ಕೊನೇ ಕಾರ್ನರ್, ಅಂದರೆ ಅಂಗಳದ ಮೂಲೆಯಿಂದ ಒದೆಯುವ ಕಿಕ್. ಚೆಂಡು ಗಾಳಿಯಲ್ಲಿ ಬಂತು, ಉದ್ದನೆಯ ಒಬ್ಬ ಆಟಗಾರ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. 2-2. ಆಮೇಲೆ ಪೆನಾಲ್ಟಿಯಲ್ಲಿ ರೋರ್ ಗೆದ್ದಿತು. ಗೇಟು ದಾಟಿ ಹೋದವರು ಹೊರಗಿನಿಂದ ಆ ಕೂಗು ಕೇಳಿಸಿಕೊಂಡು ಏನಂದುಕೊಂಡರೋ!

ಆ ಉದ್ದನೆಯವನ ಹೆಸರು ಎರಿಕ್ ಪಾರ್ಟಾಲು. ಹೆಸರು ಎಲ್ಲೋ ಕೇಳಿದ ಹಾಗಿದೆ ಅಂತ ಕೆಲವರಿಗೆ ಅನ್ನಿಸುತ್ತಿರಬೇಕು. ಹೌದು, ಅವನೇ. ನಾಲ್ಕು ಸೀಸನ್ ಬೆಂಗಳೂರು ಎಫ್‌ಸಿ ಜರ್ಸಿ ಹಾಕಿದವನು, ನಮ್ಮ ಕಂಠೀರವದಲ್ಲಿ ಆಡಿದವನು.

ಫುಟ್‌ಬಾಲ್ ಅಂದರೆ ನಮಗೆ ಮೆಸ್ಸಿ, ರೊನಾಲ್ಡೊ. ಆದರೆ ಈ ಆಟ ನಡೆಯುವುದು ಜಾಸ್ತಿ ಪಾರ್ಟಾಲು ಥರದವರಿಂದ. ಒಂದು ವರ್ಷದ ಕರಾರು, ಬಾಡಿಗೆ ಮನೆ, ಒಂದು ಸೂಟ್‌ಕೇಸ್. ಮುಂದಿನ ವರ್ಷ ಇನ್ನೊಂದು ದೇಶ, ಇನ್ನೊಂದು ಭಾಷೆ.

ಈತ ಸಿಡ್ನಿಯ ಹುಡುಗ, 1986ರಲ್ಲಿ ಹುಟ್ಟಿದ್ದು. ಸಣ್ಣ ವಯಸ್ಸಿಗೇ ಸ್ಕಾಟ್ಲೆಂಡ್‌ಗೆ ಹೋದ. ಸೇರಿದ್ದು ಗ್ರೆಟ್ನಾ ಅನ್ನುವ ಕ್ಲಬ್. ಗ್ರೆಟ್ನಾ ಅಂದರೆ ಇಂಗ್ಲೆಂಡ್ ಗಡಿಯ ಒಂದು ಪುಟ್ಟ ಊರು, ನಮ್ಮ ಹೋಬಳಿ ಕೇಂದ್ರದಷ್ಟೂ ಇಲ್ಲ. ದುಡ್ಡಿದ್ದ ಒಬ್ಬ ಮಾಲೀಕ ಸುರಿದೂ ಸುರಿದೂ ಆ ಕ್ಲಬ್ಬನ್ನು ದೇಶದ ಮೇಲಿನ ಲೀಗಿಗೆ ತಂದುಬಿಟ್ಟಿದ್ದ. ಅವರ ಸ್ವಂತ ಮೈದಾನ ಆ ಲೀಗಿಗೆ ಸಾಲಲಿಲ್ಲ, ಬೇರೆ ಊರಿನ ಮೈದಾನದಲ್ಲಿ ಆಡಬೇಕಾಯಿತು. ಮಾಲೀಕನಿಗೆ ಕಾಯಿಲೆ ಬಂತು, ದುಡ್ಡು ನಿಂತಿತು, 2008ರಲ್ಲಿ ಕ್ಲಬ್ಬೇ ಮುಚ್ಚಿಹೋಯಿತು. ಪಾರ್ಟಾಲುಗೆ ಆಗಿನ್ನೂ ಇಪ್ಪತ್ತೆರಡು. ಪಾಪ, ಮನೆಯಿಂದ ಅಷ್ಟು ದೂರ ಬಂದು ಕೂತಿದ್ದಾನೆ, ಕ್ಲಬ್ಬೇ ಇಲ್ಲ.

ಅಲ್ಲೇ ಇನ್ನೊಂದು ಕ್ಲಬ್, ಗ್ರೀನಕ್ ಮಾರ್ಟನ್, ಅಲ್ಲಿ ಎರಡು ವರ್ಷ ಆಡಿದ. ಅಲ್ಲಿಂದ ಬ್ರಿಸ್ಬೇನ್‌ಗೆ ಕರೆಸಿಕೊಂಡವರು ಕೋಚ್ ಆಂಜ್ ಪೋಸ್ಟೆಕೊಗ್ಲು. ಆ ತಂಡ 36 ಪಂದ್ಯ ಸೋಲದೇ ಆಡಿತು, ಎರಡು ವರ್ಷ ಸಾಲಾಗಿ ಲೀಗ್ ಗೆದ್ದಿತು. ಆಮೇಲೆ ಚೀನಾದ ತಿಯಾಂಜಿನ್, ಥಾಯ್ಲೆಂಡಿನ ಮುಅಂಗ್‌ಥಾಂಗ್, ವಾಪಸ್ ಬಂದು ಮೆಲ್ಬೋರ್ನ್ ಸಿಟಿ, ದಕ್ಷಿಣ ಕೊರಿಯಾದ ಜಿಯೊನ್‌ಬುಕ್, ಕತಾರ್. ಹೇಳುವಾಗ ನನಗೇ ಉಸಿರು ಕಟ್ಟುತ್ತಿದೆ. 2017ರಲ್ಲಿ ಬೆಂಗಳೂರು. ಏಳನೇ ದೇಶ.

ಬಂದ ಕೆಲವೇ ವಾರಕ್ಕೆ ಏನಾಯಿತು ಗೊತ್ತಾ? ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರಿನ ಎದುರಾಳಿ ಉತ್ತರ ಕೊರಿಯಾದ ಏಪ್ರಿಲ್ 25 ಅನ್ನುವ ತಂಡ, ಅಲ್ಲಿನ ಸೇನೆಯದು. ಇಲ್ಲಿ 3-0 ಗೆದ್ದೆವು. ಎರಡನೇ ಪಂದ್ಯಕ್ಕೆ ಪ್ಯೊಂಗ್‌ಯಾಂಗ್‌ಗೆ ಹೋಗಬೇಕು. ಆ ತಿಂಗಳು ಪೇಪರ್ ತೆಗೆದರೆ ಬರೀ ಅಣುಬಾಂಬ್, ಕ್ಷಿಪಣಿ. ಹೋಗುವ ದಾರಿಯಲ್ಲಿ ಬೂಟು ತುಂಬಿದ ಬ್ಯಾಗುಗಳು ಬೇರೆ ಕೈಕೊಟ್ಟವು. ಅಲ್ಲಿನ ಅಂಗಡಿಯಲ್ಲಿ ಸಿಕ್ಕ ಶೂ ಕೊಂಡು ಅಭ್ಯಾಸ ಮಾಡಬೇಕಾಯಿತು ಅಂತ ಪಾರ್ಟಾಲು ಆಮೇಲೆ ಹೇಳಿಕೊಂಡ. ನಾವು ಮದುವೆಗೆ ಹೋದಾಗ ಚಪ್ಪಲಿ ಕಳೆದುಕೊಂಡರೇ ದಿನವೆಲ್ಲಾ ಗೊಣಗುತ್ತೇವೆ!

ಸೆಪ್ಟೆಂಬರ್ 13ಕ್ಕೆ ಮೇ ಡೇ ಸ್ಟೇಡಿಯಂನಲ್ಲಿ ಪಂದ್ಯ ನಡೆಯಿತು, ಪ್ರಪಂಚದ ಅತಿ ದೊಡ್ಡ ಸ್ಟೇಡಿಯಂಗಳಲ್ಲಿ ಅದೂ ಒಂದು. 0-0. ಎರಡೂ ಪಂದ್ಯದ ಗೋಲು ಕೂಡಿಸುವ ಲೆಕ್ಕ, ಅಷ್ಟು ಸಾಕಾಗಿತ್ತು. ಸರಿಯಾಗಿ ಎರಡು ದಿನಕ್ಕೆ, 15ರ ಬೆಳಿಗ್ಗೆ, ಅದೇ ಊರಿನ ವಿಮಾನ ನಿಲ್ದಾಣದ ಕಡೆಯಿಂದ ಹಾರಿಸಿದ ಕ್ಷಿಪಣಿ ಜಪಾನ್ ದಾಟಿ ಸಮುದ್ರಕ್ಕೆ ಬಿತ್ತು. ನನಗೆ ಇದರಲ್ಲಿ ಮಜಾ ಅನ್ನಿಸುವುದು ಇನ್ನೊಂದು. ಹಿಂದಿನ ವರ್ಷವಷ್ಟೇ ಈತ ದಕ್ಷಿಣ ಕೊರಿಯಾದ ಕ್ಲಬ್ಬಿನಲ್ಲಿದ್ದ. ಅಲ್ಲಿನವರಿಗೇ ದಾಟಲಾಗದ ಗಡಿಯ ಎರಡೂ ಕಡೆ ಚೆಂಡು ಒದ್ದು ಬಂದ, ಅದೂ ಬೆಂಗಳೂರಿನ ಲೆಕ್ಕದಲ್ಲಿ.

ಈಗ ಅವನ ಆಟ. ಜಾಸ್ತಿ ಓಡುತ್ತಿರಲಿಲ್ಲ. ಡಿಫೆಂಡರ್‌ಗಳ ಮುಂದೆ, ಅಂಗಳದ ನಡುವೆ ತೆಂಗಿನ ಮರದ ಹಾಗೆ ನಿಂತಿರುತ್ತಿದ್ದ. ಸೋಮಾರಿ ಅಂದುಕೊಂಡಿದ್ದೆ. ಆಮೇಲೆ ಒಂದು ಪಂದ್ಯ ಪೂರ್ತಿ ಚೆಂಡು ಬಿಟ್ಟು ಅವನನ್ನೇ ನೋಡಿದೆ. ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ಎರಡು ಸಲ ಹಿಂದೆ ನೋಡಿಕೊಳ್ಳುತ್ತಿದ್ದ. ಚೆಂಡು ಕಾಲಿಗೆ ಬಂತೋ, ಒಂದೇ ಒದೆತ, ಆ ಕಡೆ ಅಂಚಿನಲ್ಲಿ ಓಡುತ್ತಿರುವ ನಮ್ಮ ತಂಡದ ಉದಾಂತ ಸಿಂಗ್ ಮುಂದೆ. ವರ್ಷಕ್ಕೊಂದು ಹೊಸ ತಂಡ, ಭಾಷೆ ಬಾರದ ಜೊತೆಗಾರರು. ಯಾರು ಎಲ್ಲಿರುತ್ತಾರೆ ಅಂತ ಕಣ್ಣಲ್ಲೇ ಕಲಿಯಬೇಕು. ಊರೂರು ಸುತ್ತಿದವರಿಗೆ ಬರುವ ಅಭ್ಯಾಸ ಅದು, ನನ್ನ ಪ್ರಕಾರ.

ನನ್ನ ಪಕ್ಕದಲ್ಲಿ ಆಸ್ಟಿನ್ ಟೌನಿನ ಹಿರಿಯರೊಬ್ಬರು ಕೂರುತ್ತಿದ್ದರು. ಚಿಕ್ಕಂದಿನಿಂದ ಆ ಗ್ರೌಂಡಿನಲ್ಲೇ ಆಡಿ ಬೆಳೆದವರು, ಸುಮ್ನೆ ಯಾರನ್ನೂ ಹೊಗಳುವವರಲ್ಲ. ಕಾರ್ನರ್ ಸಿಕ್ಕಿತು ಅಂದರೆ ಅವರು ಕಡಲೆಕಾಯಿ ಪೊಟ್ಟಣ ಮಡಚಿ ಜೇಬಿಗಿಡುತ್ತಿದ್ದರು. ಪಾರ್ಟಾಲು ಹಿಂದಿನಿಂದ ನಿಧಾನಕ್ಕೆ, ಅಂಗಡಿಗೆ ಹೊರಟವನ ಹಾಗೆ ನಡೆದು ಬರುತ್ತಿದ್ದ. ಗುಂಪಿನ ಹೊರಗೇ ನಿಲ್ಲುತ್ತಿದ್ದ. ಚೆಂಡು ಒದ್ದಮೇಲೆ ಮಾತ್ರ ಓಟ.

2018ರ ಮಾರ್ಚ್‌ನಲ್ಲಿ ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ಫೈನಲ್ ನಮ್ಮ ಕಂಠೀರವದಲ್ಲೇ ಆಯಿತು. ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಎರಡು ಗೋಲು ಹಾಕಿದ, ಎರಡೂ ಕಾರ್ನರ್‌ನಿಂದ, ಎರಡೂ ತಲೆಯಿಂದ. ನಮ್ಮ ಮದ್ದು ನಮಗೇ ಕುಡಿಸಿದರು. 3-2 ಸೋತೆವು. ಆವತ್ತು ಆ ಹಿರಿಯರು ಮೆಟ್ರೋ ಸ್ಟೇಷನ್ ತನಕ ಒಂದು ಮಾತೂ ಆಡಲಿಲ್ಲ. ಮುಂದಿನ ವರ್ಷ ಬೆಂಗಳೂರು ಕಪ್ ಎತ್ತಿತು ಬಿಡಿ, ಅದೂ ಎಕ್ಸ್‌ಟ್ರಾ ಟೈಮಿನಲ್ಲಿ ರಾಹುಲ್ ಭೆಕೆ ತಲೆ ಕೊಟ್ಟ ಒಂದು ಕಾರ್ನರ್‌ನಿಂದ.

2021ರಲ್ಲಿ ಪಾರ್ಟಾಲು ಇಲ್ಲಿಂದ ಹೊರಟ. ಒಂದೇ ಕ್ಲಬ್ಬಿನಲ್ಲಿ ಅವನು ಅಷ್ಟು ದಿನ ಬೇರೆಲ್ಲೂ ನಿಂತಿರಲಿಲ್ಲ. ನಮ್ಮ ಹಿರಿಯರು ಮಾತ್ರ ಈಗಲೂ ಕಾರ್ನರ್ ಸಿಕ್ಕಿದ ತಕ್ಷಣ ಪೊಟ್ಟಣ ಮಡಚುತ್ತಾರೆ. "ಎಲ್ಲಪ್ಪಾ ಆ ಉದ್ದನೆಯವನು?" ಅಂತಾರೆ. "ಹೋಗಿ ಎಷ್ಟು ವರ್ಷ ಆಯ್ತು ಸಾರ್" ಅಂತೀನಿ. "ಗೊತ್ತು ಕಣಯ್ಯಾ" ಅಂತ ಮತ್ತೆ ಅಂಗಳದ ಕಡೆ ತಿರುಗುತ್ತಾರೆ.

ನಮಸ್ಕಾರ.