ಸ್ಟೇರಿಂಗ್ ದೋಷ ಮತ್ತು ರೀಕಾಲ್: ಲಾರಿ ಮಾಲೀಕರಿಗೆ ಒಂದಿಷ್ಟು ಮಾಹಿತಿ

ಕೇಳುಗರೇ, ಗಾಡಿ ತಯಾರಿಸಿದ ಕಂಪನಿಯೇ ‘ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ಗಾಡಿಗಳಲ್ಲಿ ದೋಷವಿರಬಹುದು, ತನ್ನಿ, ಸರಿಮಾಡಿಕೊಡುತ್ತೇವೆ, ಖರ್ಚು ನಮ್ಮದು’ ಎಂದು ಕರೆಯುವುದೇ ರೀಕಾಲ್. 2023ರ ಜುಲೈಯಲ್ಲಿ ಮಾರುತಿ ಸುಜುಕಿ ಕಂಪನಿ ಎಸ್-ಪ್ರೆಸ್ಸೊ ಮತ್ತು ಈಕೋ ಸೇರಿ 87,599 ಗಾಡಿಗಳನ್ನು ಹೀಗೆ ಕರೆಯಿತು. ಗಾಲಿಗಳನ್ನು ತಿರುಗಿಸುವ ಸರಳಾದ ಸ್ಟೇರಿಂಗ್ ಟೈ ರಾಡ್‌ನ ಒಂದು ಭಾಗ ಮುರಿಯಬಹುದೆಂಬುದು ಕಾರಣ.

ಲಾರಿಯಲ್ಲಿ ಇಂಥ ದೋಷ ಇನ್ನೂ ಅಪಾಯದ್ದು. ಸಾಮಾನ್ಯ ಲಾರಿಯಲ್ಲಿ ಸ್ಟೇರಿಂಗ್ ಬಾಕ್ಸಿನಿಂದ ಇಳಿಬಿದ್ದ ತೋಳಾದ ಡ್ರಾಪ್ ಆರ್ಮ್‌ನಿಂದ ಮುಂದಿನ ಚಕ್ರದ ಕಡೆಗೆ ಹೋಗುವುದು ಒಂದೇ ಸರಳು, ಅದೇ ಡ್ರ್ಯಾಗ್ ಲಿಂಕ್. ಅದು ಕಳಚಿದರೆ ಪವರ್ ಸ್ಟೇರಿಂಗ್ ಇದ್ದೂ ಇಲ್ಲದಂತೆ. ಎರಡು ಮುಂಗಾಲಿಗಳನ್ನು ಜೋಡಿಸುವ ಟೈ ರಾಡ್ ಕಳಚಿದರೆ ಅವು ಎರಡು ದಿಕ್ಕಿಗೆ.

ಕಳಚುವುದು ಹೇಗೆ? ಈ ಸರಳುಗಳ ತುದಿಯ ಗುಂಡು ಕೀಲಿನ, ಅಂದರೆ ಬಾಲ್ ಜಾಯಿಂಟಿನ, ಪಿನ್ ಶಂಕುವಿನಾಕಾರದ ತೂತಿನಲ್ಲಿ ಬಿಗಿಯಾಗಿ ಕೂತಿರಬೇಕು. ನಟ್ ಸಾಕಷ್ಟು ಬಿಗಿಯಾಗದಿದ್ದರೆ ಪಿನ್ ಒಳಗೇ ಅಲುಗಾಡಿ ತೂತನ್ನು ಸವೆಸುತ್ತದೆ, ಕಡೆಗೊಮ್ಮೆ ಮುರಿಯುತ್ತದೆ. ನಟ್ಟಿಗೆ ಅಡ್ಡವಾಗಿ ತೂರಿಸಿದ ಸ್ಪ್ಲಿಟ್ ಪಿನ್ ಇದೆಯಲ್ಲ ಎಂದು ನಂಬಬೇಡಿ. ನಟ್ ಬಿಚ್ಚಿಕೊಳ್ಳದಂತೆ ತಡೆಯುವುದಷ್ಟೇ ಅದರ ಕೆಲಸ, ಭಾರ ಹೊರುವುದಲ್ಲ. ಸ್ಪ್ಲಿಟ್ ಪಿನ್ ತೂರಿಸುವ ತೂತು ನಟ್ಟಿನ ಸೀಳಿಗೆ ಸರಿಹೊಂದದಿದ್ದರೆ ನಟ್ ಇನ್ನಷ್ಟು ಬಿಗಿಮಾಡಿ ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಬಾರದು. ಗ್ಯಾರೇಜುಗಳಲ್ಲಿ ಹೀಗೆ ಸಡಿಲಿಸುವ ತಪ್ಪು ನಡೆಯುವುದುಂಟು.

ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟು ಜಾಗದಲ್ಲಿ ಚಕ್ರ ನೇರವಾಗಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗೆ ಅಡ್ಡ ಕೊಡಿ. ಪವರ್ ಸ್ಟೇರಿಂಗ್ ಆದರೆ ಎಂಜಿನ್ ಚಾಲೂ ಇರಲಿ. ಒಬ್ಬರು ಸ್ಟೇರಿಂಗನ್ನು ಮೆಲ್ಲಗೆ ಆಚೀಚೆ ಅಲುಗಿಸಲಿ, ಇನ್ನೊಬ್ಬರು ಕೈಕಾಲು ದೂರವಿಟ್ಟುಕೊಂಡು ಕೆಳಗಿನ ಜಾಯಿಂಟುಗಳನ್ನು ನೋಡಲಿ. ಮೇಲಿನ ಶಾಫ್ಟ್ ತಿರುಗಿದರೂ ಬಾಕ್ಸಿಗೆ ಹೋಗುವ ಶಾಫ್ಟ್ ತಡವಾಗಿ ತಿರುಗಿದರೆ ನಡುವಿನ ಯುನಿವರ್ಸಲ್ ಜಾಯಿಂಟ್ ಸವೆದಿದೆ. ಡ್ರಾಪ್ ಆರ್ಮ್ ಅಲುಗಿದರೂ ಲಿಂಕ್ ತಕ್ಷಣ ಕದಲದಿದ್ದರೆ ಬಾಲ್ ಜಾಯಿಂಟಿನದೇ ತೊಂದರೆ. ಕೇಂದ್ರ ಮೋಟಾರು ವಾಹನ ನಿಯಮ 98ರ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ ಪ್ಲೇ, ಅಂದರೆ ಗಾಲಿ ತಿರುಗದೆ ಸ್ಟೇರಿಂಗ್ ಮಾತ್ರ ಆಡುವ ಸಡಿಲು, 30 ಡಿಗ್ರಿ ಮೀರಬಾರದು. ಅರ್ಧ ಮೀಟರ್ ಅಗಲದ ಸ್ಟೇರಿಂಗಿನಲ್ಲಿ ಅದು ಅಂಚಿನ ಮೇಲೆ ಸುಮಾರು 13 ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಇದು ಬಲು ಧಾರಾಳ. ಅಷ್ಟು ಬರುವವರೆಗೆ ಕಾಯಬೇಡಿ. ಅದೇ ನಿಯಮ ಬಾಲ್ ಜಾಯಿಂಟುಗಳಿಗೆ ರಬ್ಬರ್ ಕ್ಯಾಪ್ ಇರಬೇಕೆನ್ನುತ್ತದೆ. ಕ್ಯಾಪ್ ಹರಿದರೆ ನೀರು, ದೂಳು ಒಳಸೇರಿ ಜಾಯಿಂಟ್ ಬೇಗ ಹಾಳಾಗುತ್ತದೆ. ಬಾಗಿದ ರಾಡನ್ನು ಕಾಯಿಸಿ ನೇರಮಾಡುವುದು, ಬೆಸುಗೆ ಹಾಕುವುದು ಬೇಡವೇ ಬೇಡ. ಬದಲಾಯಿಸಿ.

ಇನ್ನು ಕಾನೂನು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ರೀಕಾಲ್ ಕುರಿತ 110ಎ ಕಲಂ ಸೇರಿತು. ರೀಕಾಲ್ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯ. ಮಾಲೀಕರು ಸರ್ಕಾರದ ಜಾಲತಾಣವಾದ ವಾಹನ್ ಪೋರ್ಟಲ್‌ನಲ್ಲಿ ದೋಷದ ದೂರು ಕೊಡಬಹುದು. ದೂರುಗಳು ನಿಗದಿತ ಪ್ರಮಾಣ ಮುಟ್ಟಿದರೆ ತನಿಖೆಯಾಗಿ, ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು. ಆದರೆ ಓಡಿ ಓಡಿ ಸವೆದದ್ದು ರೀಕಾಲ್‌ನಡಿ ಬರುವುದಿಲ್ಲ, ತಯಾರಿಕೆ ಅಥವಾ ವಿನ್ಯಾಸದ ದೋಷ ಮಾತ್ರ.

ಸೆಕೆಂಡ್ ಹ್ಯಾಂಡ್ ಲಾರಿ ಕೊಂಡವರಿಗೆ ಒಂದು ಮಾತು. ಕಂಪನಿಯ ಪತ್ರ ಹಳೇ ಮಾಲೀಕರ ವಿಳಾಸಕ್ಕೇ ಹೋಗಿರಬಹುದು. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಷಾಸಿ ನಂಬರನ್ನು ಡೀಲರಿಗೆ ಕೊಟ್ಟು ಬಾಕಿ ರೀಕಾಲ್ ಇದೆಯೇ ಎಂದು ಕೇಳಿ. ಕೆಲಸ ಮುಗಿದ ಮೇಲೆ ಯಾವ ಭಾಗ ಬದಲಾಯಿತೆಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡು, ಸಹಿ ಹಾಕಿಸಿಕೊಂಡೇ ಗಾಡಿ ಹೊರಗೆ ತನ್ನಿ.