ಮೊದಲು ಕೊಳಗ ಸರಿಮಾಡಿ: ಪ್ರವಾದಿ ಆಮೋಸನ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ. ಬೈಬಲಿನ ಪ್ರವಾದಿ ಆಮೋಸ ಬೇತ್ಲೆಹೇಮಿನ ದಕ್ಷಿಣಕ್ಕಿರುವ ತೆಕೋವದವನು. ಕುರಿ ಸಾಕುತ್ತಿದ್ದ, ಅತ್ತಿಮರ ನೋಡಿಕೊಳ್ಳುತ್ತಿದ್ದ. ಕ್ರಿಸ್ತಪೂರ್ವ 760ರ ಆಸುಪಾಸಿನಲ್ಲಿ ತನ್ನ ನಾಡಾದ ಯೆಹೂದ ರಾಜ್ಯದ ಗಡಿ ದಾಟಿ, ಉತ್ತರದ ಇಸ್ರಾಯೇಲ್ ರಾಜ್ಯದ ಬೇತೇಲಿಗೆ ಬಂದು, ರಾಜನ ದೇಗುಲದಲ್ಲೇ ನಿಂತು ಸಾರಿದ. ಅವನ ಮಾತಿನ ಸಾರ ಇಷ್ಟು: ತಕ್ಕಡಿ ಸರಿಮಾಡದವನ ಆರಾಧನೆ ದೇವರಿಗೆ ಬೇಡ.

ತಕ್ಕಡಿಯಲ್ಲಿ ಏನಾಗುತ್ತಿತ್ತು, ಕೇಳಿ. ಆಗ ನಾಣ್ಯವಿರಲಿಲ್ಲ. ಧಾನ್ಯವನ್ನು ಏಫ ಎಂಬ ಅಳತೆಯಲ್ಲಿ ಅಳೆದು ಕೊಡುತ್ತಿದ್ದರು. ಅದು ಸುಮಾರು 22 ಲೀಟರ್. ಕೊಳ್ಳುವವನು ಬೆಳ್ಳಿಯನ್ನು ಶೆಕೆಲ್ ಕಲ್ಲಿಗೆ ತೂಗಿ ಕೊಡಬೇಕು. ಅದು ಸುಮಾರು 11.4 ಗ್ರಾಂ. ಉದಾಹರಣೆಗೆ, ವ್ಯಾಪಾರಿ ಏಫದಲ್ಲಿ 2 ಲೀಟರ್ ತಗ್ಗಿಸಿದ, ಕಲ್ಲಿನಲ್ಲಿ ಸುಮಾರು 1 ಗ್ರಾಂ ಏರಿಸಿದ ಎನ್ನಿ. ಎರಡೂ ಸೇರಿದರೆ ಬಡವನಿಗೆ ಬೆಲೆ ಐದರಲ್ಲೊಂದು ಪಾಲು ಏರಿತು. ಸಾಲದೆಂಬಂತೆ ಗೋಧಿಯ ಕಸರನ್ನೂ ಬೆರೆಸುತ್ತಿದ್ದರು. ಇವರು ಸಬ್ಬತ್ತನ್ನು, ಅಂದರೆ ವಾರದ ವಿಶ್ರಾಂತಿ ದಿನವನ್ನು, ತಪ್ಪದೆ ಆಚರಿಸುವವರೇ. ಅದು ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆರೆದೇವು ಎಂದು ಕಾಯುತ್ತಿದ್ದರು, ಅಷ್ಟೇ.

ಧಾನ್ಯ ಸಾಲದೆ ಬಡವ ಸಾಲ ಮಾಡುತ್ತಾನೆ. ಮೈಮೇಲಿನ ಹೊದಿಕೆ ಅಡವು ಹೋಗುತ್ತದೆ. ಅಡವಿಟ್ಟ ಹೊದಿಕೆಯನ್ನು ಸೂರ್ಯ ಮುಳುಗುವ ಮೊದಲು ಹಿಂದಿರುಗಿಸಬೇಕು ಎಂದು ಬೈಬಲಿನ ವಿಮೋಚನಕಾಂಡದಲ್ಲಿ ಸ್ಪಷ್ಟ ಕಟ್ಟಳೆಯಿದೆ. ಬಡವನಿಗೆ ರಾತ್ರಿ ಹೊದೆಯಲು ಇರುವುದು ಅದೊಂದೇ. ಸಾಲ ಕೊಟ್ಟವರೋ ಅದನ್ನೇ ಬಲಿಪೀಠದ ಪಕ್ಕ ಹಾಸಿಕೊಂಡು ಒರಗುತ್ತಿದ್ದರು.

ಒಂದು ಹೊದಿಕೆಗೆ ಇಷ್ಟೇಕೆ ಎನ್ನುವವರು ಈ ಮಡಕೆ ಚೂರಿನ ಕಥೆ ಕೇಳಬೇಕು. ಮೆಡಿಟರೇನಿಯನ್ ಕರಾವಳಿಯಲ್ಲಿ, ಯಾವ್ನೆ-ಯಾಮ್ ಹತ್ತಿರದ ಹಳೆಯ ಕೋಟೆಯೊಂದರಲ್ಲಿ, 1960ರಲ್ಲಿ ಅದು ಸಿಕ್ಕಿತು. ಆಮೋಸನಿಗಿಂತ ನೂರಕ್ಕೂ ಹೆಚ್ಚು ವರ್ಷ ಈಚಿನದು. ಮಸಿಯಲ್ಲಿ ಬರೆದ ಹೀಬ್ರೂ ಅರ್ಜಿ. ಕೊಯ್ಲಿನ ಆಳೊಬ್ಬ ಅಧಿಕಾರಿಗೆ ಮೊರೆಯಿಡುತ್ತಿದ್ದಾನೆ: ನನ್ನ ಪಾಲಿನ ಕೊಯ್ಲು ಮುಗಿಸಿದ್ದೇನೆ, ಧಾನ್ಯ ಕಣಜಕ್ಕೆ ಸೇರಿಸಿದ್ದೇನೆ, ಆದರೂ ಹೋಷಯಾಹು ನನ್ನ ಬಟ್ಟೆ ಕಿತ್ತುಕೊಂಡ, ಜೊತೆಗೆ ಕೊಯ್ದವರೆಲ್ಲ ಸಾಕ್ಷಿ ಹೇಳುತ್ತಾರೆ, ಬಟ್ಟೆ ಕೊಡಿಸಿ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಅವನ ಹೆಸರು ಆ ಚೂರಿನಲ್ಲಿಲ್ಲ, ಕಿತ್ತುಕೊಂಡವನ ಹೆಸರಿದೆ. ಆಮೋಸ ಬಾಯಿ ತೆರೆದದ್ದು ಇಂಥವರ ಪರವಾಗಿ!

ಸಮಯ ಕಡಿಮೆ ಉಳಿದಿದೆ. ಆಗಿನ ನ್ಯಾಯಸ್ಥಾನ ಊರಬಾಗಿಲು. ಹಿರಿಯರು ಅಲ್ಲೇ ಕುಳಿತು ತೀರ್ಪು ಕೊಡುತ್ತಿದ್ದರು. ಲಂಚ ನಡೆಯುತ್ತಿದ್ದದ್ದೂ ಅಲ್ಲೇ. ಊರಬಾಗಿಲಲ್ಲಿ ನ್ಯಾಯ ನಿಲ್ಲಿಸಿ ಎಂದ ಆಮೋಸ. ನ್ಯಾಯ ನೀರಿನಂತೆ ಹರಿಯಲಿ ಎಂಬ ಅವನ ಮಾತನ್ನು ಎಲ್ಲರೂ ಎತ್ತಿ ಆಡುತ್ತಾರೆ, ಅದರ ಮೇಲಿನ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ನಿಮ್ಮ ಹಬ್ಬ ಬೇಡ, ಬಲಿ ಬೇಡ, ಹಾಡಿನ ಗದ್ದಲ ಬೇಡ ಎಂದು ದೇವರು ಹೇಳುವುದು ಅಲ್ಲಿಯೇ. ಮೊದಲು ತಕ್ಕಡಿ, ಆಮೇಲೆ ಹಾಡು.

ಬೇತೇಲಿನ ಯಾಜಕ ಅಮಚ್ಯ ಆಮೋಸನನ್ನು ಊರಿಗೆ ಹಿಂದಿರುಗೆಂದು ಗದರಿಸಿದ. ಕ್ರಿಸ್ತಪೂರ್ವ 722ರ ಹೊತ್ತಿಗೆ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಅಸ್ಸೀರಿಯದವರ ಕೈಸೇರಿತು.

ಆಮೋಸನ ಗ್ರಂಥದಲ್ಲಿ ಒಂಬತ್ತೇ ಅಧ್ಯಾಯ. 8ನೆಯದರಿಂದ ಶುರುಮಾಡಿ, ಆಮೇಲೆ 2 ಮತ್ತು 5. 4ನೆಯದನ್ನು ಗಟ್ಟಿಯಾಗಿ ಓದಿ. ಆದರೂ ನೀವು ನನ್ನ ಬಳಿಗೆ ತಿರುಗಿಕೊಳ್ಳಲಿಲ್ಲ ಎಂಬ ಮಾತು ಅಲ್ಲಿ ಐದು ಸಲ ಬರುತ್ತದೆ. ನಮಸ್ಕಾರ.